ವೈಪರ್ ನರಳಿದ ಶನಿವಾರ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕ ಹಲಸೂರಿನಿಂದ ಕಾಕ್ಸ್ ಟೌನಿನ ಶಾಲೆಯೊಂದಕ್ಕೆ ಆರು ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ಭಾವ ಕೆಲಸಕ್ಕಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹಿಡಿದ ಕೆಲಸ ಅದು. ಕಾರು ಹಳೆಯದು, ಲೈಸೆನ್ಸ್ ಹೊಸದು. ಹೆಂಗಸು ಓಡಿಸುವ ಗಾಡಿಗೆ ಮಕ್ಕಳನ್ನು ಹತ್ತಿಸಲು ಹಿಂದೆಮುಂದೆ ನೋಡಿದವರೇ ಹೆಚ್ಚು. ಆರು ಮನೆಗಳನ್ನು ಒಪ್ಪಿಸಲು ಅವಳಿಗೆ ಒಂದು ಬೇಸಿಗೆ ಪೂರ್ತಿ ಹಿಡಿದಿತ್ತು.

ದಸರಾ ರಜೆ ಮುಗಿದು ಶಾಲೆ ತೆರೆದ ಎರಡನೆಯ ದಿನ, ಶುಕ್ರವಾರ, ಬೆಳಿಗ್ಗೆಯೇ ಜೋರು ಮಳೆ. ಅಕ್ಕ ವೈಪರ್ ಹಾಕಿದಾಗ ಬಾನೆಟ್ಟಿನ ಒಳಗಿಂದ ನರಳಿದಂಥ ಸದ್ದು ಬಂತು. ವೈಪರ್ ಕಡ್ಡಿಗಳು ಗಾಜಿನ ಅರ್ಧದವರೆಗೆ ಹೋಗಿ ತಡವರಿಸಿ ನಿಂತವು. ಹಿಂದಿನ ಸೀಟಿನಲ್ಲಿದ್ದ ಚಿಕ್ಕ ಹುಡುಗಿ ಹೆದರಿ ಅತ್ತಳು. ಅಕ್ಕ ಕಾರನ್ನು ಬದಿಗೆ ನಿಲ್ಲಿಸಿ, ಮಳೆ ಕಡಿಮೆಯಾದ ಮೇಲೆ ಹೊರಟಳು. ಶಾಲೆ ತಲುಪಿದಾಗ ಮೊದಲ ಪೀರಿಯಡ್ ಮುಗಿದಿತ್ತು. ಸಂಜೆ ಆ ಹುಡುಗಿಯ ತಾಯಿ ತಮ್ಮ ಮನೆಯ ಗೇಟಿನಲ್ಲೇ ಹೇಳಿದರು: "ಸೋಮವಾರದೊಳಗೆ ಸರಿ ಮಾಡಿಸ್ಬಿಡಿ ಅಕ್ಕಾ. ಇಲ್ದಿದ್ರೆ ನಾನು ಆಟೋ ನೋಡ್ಕೋತೀನಿ."

ಒಂದು ಮನೆಯವರು ಬಿಟ್ಟುಹೋದರೆ ಉಳಿದ ಐದು ಮನೆಯವರೂ ಹಾಗೇ ಯೋಚಿಸುತ್ತಾರೆಂದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಆಗ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಶನಿವಾರ ನನಗೆ ವಾರದ ರಜೆ. ಮಧ್ಯಾಹ್ನ ಅಕ್ಕ ಮಕ್ಕಳನ್ನು ಮನೆ ಸೇರಿಸಿ ಬಂದ ಮೇಲೆ ಇಬ್ಬರೂ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದೆವು. ಅವನು ಬಾನೆಟ್ ಎತ್ತಲಿಲ್ಲ. ಸ್ವಿಚ್ ಹಾಕಿ ಎರಡು ಸಲ ಸದ್ದು ಕೇಳಿದ. "ಮೋಟರ್ ಹೋಗಿದೆ ಸಾರ್. ಈ ಮಾಡೆಲ್‌ದು ಹುಡುಕ್ಬೇಕು, ಒಂದ್ವಾರ ಆಗುತ್ತೆ" ಎಂದ. ಅಕ್ಕ ಹೋಗಿ ಕಾರಿನಲ್ಲಿ ಕುಳಿತಳು. ಒಬ್ಬನ ಮಾತಿನ ಮೇಲೆ ಸುದ್ದಿ ಹಾಕಬಾರದೆಂದು ನಾನು ಕೆಲಸದಲ್ಲಿ ಕಲಿತಿದ್ದೆ. ಇನ್ನೊಬ್ಬರಿಗೂ ತೋರಿಸಲು ಶಿವಾಜಿನಗರಕ್ಕೆ ಹೋಗೋಣ ಎಂದೆ.

ಅಲ್ಲಿನ ಗಲ್ಲಿಯೊಂದರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. ಅಂಗಡಿಯೆಂದರೆ ಒಂದು ಷಟರ್ ಮತ್ತು ಅದರ ಮುಂದಿನ ಫುಟ್‌ಪಾತ್. ನಾನು ಸದ್ದಿನ ವಿವರ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಗಾಡಿ ನೀವು ಓಡಿಸ್ತೀರಾ ಸಾರ್?"

"ಇಲ್ಲ, ನನಗೆ ಬರಲ್ಲ."

"ಹಂಗಾದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಅಮ್ಮಾ, ನೀವು ಹೇಳಿ."

"ಮೇಲಕ್ಕೆ ಹೋಗ್ವಾಗ ಜಾಸ್ತಿ, ಇಳಿಯುವಾಗ ಕಮ್ಮಿ," ಎಂದಳು ಅಕ್ಕ. "ಬಲಗಡೆ ಕಡ್ಡಿ ತಡೀತದೆ. ಹಬ್ಬಕ್ಕೆ ಮುಂಚೆ ಇದೇನೂ ಇರ್ಲಿಲ್ಲ ಸಾಬ್ರೇ."

"ಹಬ್ಬನಾ? ಹೂವಿನ ಹಾರ ಎಲ್ಲಿ ಕಟ್ಟಿದ್ರಿ?"

ಅಕ್ಕ ನನ್ನ ಕಡೆ ನೋಡಿದಳು. ಆಯುಧಪೂಜೆಯ ದಿನ ಹಾರ ಕಟ್ಟಿದವನು ನಾನೇ. ಗಾಳಿಗೆ ಬೀಳಬಾರದೆಂದು ಚೆಂಡುಹೂವಿನ ಹಾರವನ್ನು ಎರಡೂ ವೈಪರ್‌ಗಳ ಬುಡಕ್ಕೆ ಬಿಗಿದಿದ್ದೆ. ಬಾಡಿದ ಮೇಲೆ ಗಂಟು ಬಿಚ್ಚಲು ಬಾರದೆ ಎಳೆದು ಕಿತ್ತಿದ್ದೆ.

ಅದನ್ನು ಹೇಳಿದ ಮೇಲೂ ಮೆಕ್ಯಾನಿಕ್ ಅವಸರಪಡಲಿಲ್ಲ. ಒಣ ಗಾಜಿನ ಮೇಲೆ ಓಡಿಸಿದರೆ ರಬ್ಬರೇ ಕೂಗುತ್ತದೆಂದು ಮೊದಲು ಒಂದು ಚೊಂಬು ನೀರು ಸುರಿದು, ಅಕ್ಕನಿಗೆ ಸ್ವಿಚ್ ಹಾಕಲು ಹೇಳಿ ಕೇಳಿಸಿಕೊಂಡರು. ಸದ್ದು ಹಾಗೇ ಇತ್ತು. ಆಮೇಲೆ ಬಾನೆಟ್ ಎತ್ತಿ, ಮೋಟರಿನಿಂದ ಕಡ್ಡಿಗಳಿಗೆ ಹೋಗುವ ಸರಳನ್ನು ನಟ್ ಬಿಚ್ಚಿ ಬೇರೆ ಮಾಡಿದರು. ಮತ್ತೆ ಸ್ವಿಚ್. ಮೋಟರ್ ಒಂದೇ ಸಮನೆ, ಸಣ್ಣಗೆ ಗುಂಯ್‌ಗುಟ್ಟಿತು.

"ನೋಡಿ, ಮೋಟರ್ ಪಾಪ ಏನೂ ಮಾಡಿಲ್ಲ. ಸುಮ್ನೆ ಬೈಸ್ಕೊಂಡಿದೆ."

ಎರಡು ದಿನಗಳಲ್ಲಿ ಅಕ್ಕ ಮೊದಲ ಸಲ ನಕ್ಕಳು.

ಎಡಗಡೆಯ ಕಡ್ಡಿ ಕೈಯಲ್ಲಿ ಸಲೀಸಾಗಿ ತಿರುಗಿತು, ಬಲಗಡೆಯದು ಮಿಸುಕಲಿಲ್ಲ. ಗಾಜಿನ ಕೆಳಗಿನ ಜಾಲರಿ ತೆಗೆದಾಗ ಕೊಳೆತ ಎಸಳುಗಳ ಮುದ್ದೆ ಸಿಕ್ಕಿತು. ಕಡ್ಡಿಯ ಶಾಫ್ಟ್ ಹೊರಬರುವ ಸಂದಿಯೊಳಗೆ ಹಾರದ ನೂಲು ಸೇರಿಕೊಂಡಿತ್ತು. ನೀರು ಇಳಿಯುವ ತೂತೂ ಕಟ್ಟಿಕೊಂಡಿತ್ತು.

"ಇನ್ನೊಂದು ವಾರ ಹಿಂಗೇ ಓಡಿಸಿದ್ರೆ ಮೋಟರ್ ನಿಜವಾಗ್ಲೂ ಸುಟ್ಟೋಗೋದು," ಎನ್ನುತ್ತಾ ಅವರು ಬ್ಲೇಡಿನಿಂದ ನೂಲು ಕೊಯ್ದು ತೆಗೆದರು. ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಹಾಕಿದರು. "ಪೂಜೆ ಮಾಡಿ ಸಾರ್, ಬೇಡ ಅನ್ನಲ್ಲ. ಹಾರ ಮಾತ್ರ ಬಂಪರಿಗೆ ಕಟ್ಟಿ."

"ಅವ್ನಿಗೆ ಇನ್ಮೇಲೆ ಹೂವೇ ಕೊಡಲ್ಲ ಬಿಡಿ," ಎಂದಳು ಅಕ್ಕ.

ಎಲ್ಲ ಜೋಡಿಸಿ ಮತ್ತೆ ನೀರು ಸುರಿದರು. ನೀರು ಸರಿಯುವುದಷ್ಟೇ ಕೇಳಿಸಿತು. ಹತ್ತು ನಿಮಿಷ ಓಡಿಸಿ ನೋಡುವವರೆಗೂ ಅವರು ನಮ್ಮನ್ನು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಮಳೆ ಇತ್ತು. ಹುಡುಗಿಯ ತಾಯಿ ಕೊಡೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಅವರೇನು ಮಾಡುತ್ತಾರೋ ನೋಡಲು ಬಂದ ನಾನೂ ಅವರ ಪಕ್ಕದಲ್ಲಿ ನಿಂತಿದ್ದೆ. ಕಾರು ಬಂದು ನಿಂತಿತು, ವೈಪರ್ ಆಡುತ್ತಲೇ ಇತ್ತು. ಅವರು ಸ್ವಲ್ಪ ಹೊತ್ತು ಗಾಜನ್ನೇ ನೋಡಿ, ಬಾಗಿಲು ತೆರೆದು ಮಗಳನ್ನು ಹತ್ತಿಸಿದರು.

ಅಕ್ಕ ಕಿಟಕಿ ಇಳಿಸಿದಳು. "ನಾಳೆಯಿಂದ ಐದು ನಿಮಿಷ ಮುಂಚೆ ರೆಡಿ ಮಾಡಿರ್ತೀರಾ? ಮಳೇಲಿ ನಾನು ನಿಧಾನ ಓಡಿಸ್ತೀನಿ."

"ಮಾಡಿರ್ತೀನಿ ಅಕ್ಕಾ," ಎಂದರು ಅವರು.