ಈ ಎರಡೂ ಹೆಸರು ಒಬ್ಬರದೇ

ಮಗಳು ಜರ್ಮನಿಗೆ ಹೋಗಿ ನರ್ಸಿಂಗ್ ಕಲಿಯಬಹುದು ಎಂದು ನಮಗೆ ತಿಳಿದದ್ದು ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ. ನನ್ನ ಗಂಡ ಅಲ್ಲಿ ಹನ್ನೊಂದು ದಿನ ಮಲಗಿದ್ದರು. ಡ್ರಿಪ್ ಬದಲಿಸಲು ಬರುತ್ತಿದ್ದ ಕೇರಳದ ನರ್ಸ್ ಬಿಡುವಿದ್ದಾಗ ಪುಸ್ತಕ ಹಿಡಿದು ಏನೋ ಬಾಯಿಪಾಠ ಮಾಡುತ್ತಿದ್ದಳು. ಏನೆಂದು ಇವರು ಕೇಳಿದರು. ಜರ್ಮನ್ ಭಾಷೆ ಎಂದಳು.

ಮಗಳು ಆಗ ಪಿಯುಸಿ ಮುಗಿಸಿ ನೀಟ್ ಬರೆದಿದ್ದಳು. ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಬೆಟ್ಟದಪುರದ ನೆಂಟರ ಹುಡುಗಿ ಜಾರ್ಜಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ, ಇವಳನ್ನೂ ಅಲ್ಲಿಗೇ ಕಳಿಸೋಣ ಎಂದು ನನ್ನ ಮೈದುನ ಹಟ ಹಿಡಿದಿದ್ದ. ಅಲ್ಲಿ ಓದಿದವರು ಊರಿಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ ಪಾಸಾಗದೆ ವೈದ್ಯರಾಗಿ ಕೆಲಸ ಮಾಡುವಂತಿಲ್ಲ ಎಂದು ನರ್ಸ್ ಹೇಳಿದಳು. ಜರ್ಮನಿಯ ಆಸ್ಪತ್ರೆಗಳು ಪಿಯುಸಿ ಆದವರನ್ನೇ ಮೂರು ವರ್ಷದ ತರಬೇತಿಗೆ ತೆಗೆದುಕೊಳ್ಳುತ್ತವೆ, ಕಲಿಯುವಾಗಲೇ ಕೈಗೆ ಒಂದಿಷ್ಟು ಕೊಡುತ್ತಾರೆ, ಆದರೆ ಹೊರಡುವ ಮೊದಲೇ ಭಾಷೆಯ ಪರೀಕ್ಷೆ ಪಾಸಾಗಿರಬೇಕು ಎಂಬುದೂ ಅವಳಿಂದಲೇ ತಿಳಿಯಿತು.

ಇವರು ಮಗಳಿಗೆ ಹೇಳಿದರು: "ಡಾಕ್ಟ್ರು ಬೆಳಗ್ಗೆ ಒಂದ್ಸಲ ಬಂದು ಓಗ್ತಾರೆ. ಎಬ್ಬಿಸಿ ಕೂರ್ಸೋದು ಈ ನರ್ಸ್ ಮಗುನೇ ಕಣವ್ವ. ನಿಂಗಿಷ್ಟ ಇದ್ರೆ ಇದ್ನೇ ಓದು."

"ಜರ್ಮನ್ನಲ್ಲಿ ಬೈದ್ರೆ ನಿಂಗೆ ಗೊತ್ತಾಗಕಿಲ್ಲ ಕಣಪ್ಪ."

"ಗೊತ್ತಾಗದೆ ಇದ್ರೆ ಒಳ್ಳೇದೇ ಬುಡು."

ಮನೆಗೆ ಬಂದ ಏಳನೇ ದಿನ ಅವರು ತೀರಿಕೊಂಡರು.

ಮಗಳು ನಿಲ್ಲಿಸಲಿಲ್ಲ. ನಮ್ಮೂರು ಬಿಳಿಕೆರೆಯಿಂದ ಬಸ್ಸು ಹಿಡಿದು ದಿನಾ ಮೈಸೂರಿಗೆ ಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಭಾಷೆ ಕಲಿತಳು. ಒಂದು ಸಲ ಫೇಲಾದಳು, ಮತ್ತೆ ಕಟ್ಟಿ ಪಾಸಾದಳು. ಅಲ್ಲಿನ ಒಂದು ಆಸ್ಪತ್ರೆಯವರು ಫೋನಿನಲ್ಲೇ ಮುಖ ನೋಡಿ ಮಾತಾಡಿಸಿ ಆರಿಸಿಕೊಂಡರು. ಉಳಿದದ್ದು ದಾಖಲೆಗಳು. ಅಂಕಪಟ್ಟಿಯಲ್ಲಿರುವ ತಂದೆಯ ಹೆಸರು ಬೇರೆ, ಮರಣ ಪ್ರಮಾಣ ಪತ್ರದ ಹೆಸರು ಬೇರೆ ಎಂದು ಜರ್ಮನಿಗೆ ದಾಖಲೆ ಕಳಿಸಿಕೊಡುವ ಮೈಸೂರಿನ ಕಚೇರಿಯವರು ಎಲ್ಲವನ್ನೂ ವಾಪಸ್ ಕೊಟ್ಟರು. ಹದಿನೈದು ದಿನದೊಳಗೆ ಸರಿಮಾಡದಿದ್ದರೆ ಆ ಸೀಟು ಬೇರೆಯವರಿಗೆ ಹೋಗುತ್ತದೆ.

ತಪ್ಪು ನನ್ನದು. ಇವರಿಗೆ ಎರಡು ಹೆಸರಿತ್ತು. ಒಂದು ಶಾಲೆಗೆ ಸೇರಿಸುವಾಗ ಬರೆಸಿದ್ದು, ಇನ್ನೊಂದು ಊರವರೆಲ್ಲ ಕೂಗುತ್ತಿದ್ದದ್ದು. ನಾನು ಎರಡನ್ನೂ ಬಾಯಲ್ಲಿ ಆಡಿದವಳಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ನಂಬಿಕೆ ಅನ್ನುವುದಕ್ಕಿಂತ ಅದು ಅಭ್ಯಾಸ. ಇಪ್ಪತ್ತೆರಡು ವರ್ಷ "ಇವರು", "ನಿಮ್ಮಪ್ಪ", "ನೋಡಿ ಇಲ್ಲಿ" ಅಂದುಕೊಂಡೇ ಸಂಸಾರ ನಡೆದಿತ್ತು. ಸಾವು ಬರೆಸಲು ಹೋದ ದಿನ ಅಧಿಕಾರಿ ನನ್ನ ಮುಖ ನೋಡಿ ಹೆಸರು ಕೇಳಿದರು. ನಾನು ತಲೆ ತಗ್ಗಿಸಿದೆ. ಮೈದುನ ತನ್ನ ಬಾಯಿಗೆ ರೂಢಿಯಾದ ಹೆಸರು, ಕೂಗುವ ಹೆಸರನ್ನೇ ಹೇಳಿದ. ಅದು ದಾಖಲೆಯ ಹೆಸರಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಸತ್ತವರಿಗೆ ಯಾವ ಹೆಸರಾದರೇನು ಅನ್ನಿಸಿ ಸುಮ್ಮನಾದೆ.

"ಒಂದ್ ಮಾತು ಹೇಳಕ್ಕಾಗ್ಲಿಲ್ವಾ ಅಮ್ಮ?" ಎಂದು ಮಗಳು ಕೇಳಿದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸಾವು ಬರೆಸಿದ್ದ ಕಚೇರಿಯವರು ಹಳೆಯ ಮರಣ ಪತ್ರ ಇಟ್ಟುಕೊಂಡು, ತಿದ್ದುಪಡಿಗೆ ಹೆಂಡತಿ ಪ್ರಮಾಣ ಮಾಡಿದ ಅಫಿಡವಿಟ್ ಬೇಕೆಂದರು. ಮೂರನೇ ದಿನ ಇಬ್ಬರೂ ಹುಣಸೂರಿಗೆ ಹೋದೆವು. ಕೋರ್ಟಿನ ಎದುರು, ಛಾಪಾ ಕಾಗದ ಮಾರುವವರ ಸಾಲಿನಲ್ಲಿ ಒಬ್ಬ ಟೈಪಿಸ್ಟ್ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಹೆಸರು ಕೇಳಿದ. ಮಗಳು ಹೇಳಲು ಬಾಯಿ ತೆರೆದಳು.

"ನೀನಲ್ಲ ಕಣವ್ವ, ಪ್ರಮಾಣ ಮಾಡೋರು ಅವ್ರು. ಅವ್ರೇ ಹೇಳ್ಲಿ."

ಅಂಕಪಟ್ಟಿ ತೋರಿಸಿದೆ. ಅದರಲ್ಲಿ ಒಂದೇ ಇದೆ, ಇನ್ನೊಂದನ್ನು ಹೇಳಿ, ಒಳಗೆ ನೋಟರಿಯವರೂ ಬಾಯಿಬಿಟ್ಟೇ ಕೇಳುತ್ತಾರೆ ಎಂದ. ನಾನು ಎರಡೂ ಹೇಳಿದೆ. ಕೇಳಿಸಲಿಲ್ಲ ಎಂದ. ಮತ್ತೆ ಹೇಳಿದೆ. ಈ ಸಲ ಪಕ್ಕದ ಬೆಂಚಿನವರೂ ತಿರುಗಿ ನೋಡಿದರು. ಅವನು ಟೈಪ್ ಮಾಡಿ ಓದಿದ: ಈ ಎರಡೂ ಹೆಸರುಗಳು ನನ್ನ ಗಂಡನಾಗಿದ್ದ ಒಬ್ಬರೇ ವ್ಯಕ್ತಿಯವು. ಸರಿಯಾ ಎಂದು ಕೇಳಿದ. ಸರಿ ಎಂದು ರುಜು ಹಾಕಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು, "ನೀನು ಜೋರಾಗಿ ಹೇಳ್ದಾಗ ಅಪ್ಪನ್ನ ಕರ್ದಂಗಾಯ್ತು," ಎಂದಳು.

ನನಗೂ ಹಾಗೇ ಆಗಿತ್ತು. ಹೇಳಿ ಮುಗಿಸಿದ ಮೇಲೆ ಒಂದು ಗಳಿಗೆ ಸುಮ್ಮನೆ ಕಾದಿದ್ದೆ, ಯಾರಾದರೂ ಓಗೊಡುತ್ತಾರೋ ಎಂಬಂತೆ.

ತಿದ್ದಿದ ಪತ್ರ ಸಿಕ್ಕಾಗ ಇನ್ನೂ ಎರಡು ದಿನ ಉಳಿದಿತ್ತು. ಅವತ್ತೇ ಕಾಗದಗಳು ಜರ್ಮನಿಗೆ ಹೋದವು.