ಟ್ಯಾಂಕ್ ಇಂಜಿನ್ನಿನ ಮೂರನೆಯ ಮೆಟ್ಟಿಲು

ಮೊಳದುದ್ದದ ಹಿತ್ತಾಳೆಯ ವಸ್ತುವೊಂದರ ಮೇಲೆ ನನಗೆ ಎಂಟು ತಿಂಗಳು ಹೊಟ್ಟೆಕಿಚ್ಚಿತ್ತು ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಶಾಂತಾ ಇನ್ನೂ ನಗುತ್ತಲೇ ಇದ್ದಾಳೆ.

ಆ ವಸ್ತು ಒಂದು ಪುಟ್ಟ ಉಗಿ ಇಂಜಿನ್. ಮಾಡಿದವನು ನನ್ನ ಗೆಳೆಯ ದಸ್ತಗೀರ್. ವಿಜಯಪುರದ ಕಡೆಯವನು. ಜೋಗೇಶ್ವರಿಯಲ್ಲಿ ಒಂದು ಲೇತ್ ಮಷೀನು ಇಟ್ಟುಕೊಂಡು ನಲ್ಲಿಗಳ ಬಿಡಿಭಾಗ ಮಾಡಿಕೊಂಡಿದ್ದಾನೆ. ರೈಲ್ವೆಗೂ ಅವನಿಗೂ ಇರುವ ಸಂಬಂಧವೆಂದರೆ ಲೋಕಲ್ ಪಾಸು ಮಾತ್ರ. ನಾನೋ, ಹದಿನೆಂಟನೆಯ ವಯಸ್ಸಿಗೇ ಧಾರವಾಡದಿಂದ ಬಂದು, ಪರೇಲಿನ ರೈಲು ಕಾರ್ಖಾನೆಯಲ್ಲಿ, ಅವನು ನೋಡಿ ಮಾಡಿದ ಆ ನಿಜವಾದ ಇಂಜಿನ್ನಿನ ಹೊಟ್ಟೆಯಿಂದ ಬೂದಿ ಬಳಿದು ತೆಗೆದವನು. ಮುಂದೆ ಫಿಟ್ಟರ್ ಆಗಿ ನಿವೃತ್ತನಾದೆ. ಅಷ್ಟು ವರ್ಷದ ದುಡಿತಕ್ಕೆ ನನ್ನ ಕೈಯಲ್ಲಿ ಉಳಿದದ್ದು ಒಂದು ಸುಟ್ಟ ಕಲೆ. ಅವನ ಕೈಯಲ್ಲಿ ಇಡೀ ಇಂಜಿನ್!

ದೂರದ ಊರಿಗೆ ಹೋಗುವ ಉಗಿ ಇಂಜಿನ್ನುಗಳು ತಮ್ಮ ನೀರನ್ನೂ ಕಲ್ಲಿದ್ದಲನ್ನೂ ಹಿಂದೆ ಬೇರೊಂದು ಗಾಡಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದವು. ನಮ್ಮದು ಟ್ಯಾಂಕ್ ಇಂಜಿನ್, ಅದಕ್ಕೆ ಆ ಜಂಬವಿಲ್ಲ. ಎರಡೂ ಪಕ್ಕೆಗೆ ನೀರಿನ ತೊಟ್ಟಿ ಕಟ್ಟಿಕೊಂಡು, ಕಾರ್ಖಾನೆಯ ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡಿ ರೈಲಿನ ಡಬ್ಬಿಗಳನ್ನು ಜೋಡಿಸುವುದೇ ಅದರ ಬಾಳು. ಹೊಟ್ಟೆಯಲ್ಲಿ ಕಿಚ್ಚು, ಪಕ್ಕದಲ್ಲೇ ನೀರು. ನನಗೆ ಮಾತ್ರ ದೇವರು ಕಿಚ್ಚನ್ನು ಕೊಟ್ಟು ನೀರು ಕೊಡುವುದನ್ನು ಮರೆತುಬಿಟ್ಟ. ಇಂಜಿನ್ನಿನ ಕಿಚ್ಚು ಎಷ್ಟೋ ಡಬ್ಬಿಗಳನ್ನು ತಳ್ಳಿತು; ನನ್ನದು ಹೊಗೆ ಬಿಟ್ಟಿತು, ಅಷ್ಟೆ.

ಮೊದಲ ಸಲ ಅವನು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಲೆ ಪಾರ್ಲೆಯ ನಮ್ಮ ಮನೆಗೆ ತಂದ. ಊಟದ ಮೇಜಿನ ಮೇಲಿಟ್ಟು ಮೆಲ್ಲನೆ ತಳ್ಳಿದ. ಗಾಲಿ ತಿರುಗಿತು, ಗಾಲಿಯ ಪಕ್ಕದ ಕಂಬಿ ನಿಜವಾದದ್ದರಂತೆಯೇ ಮೇಲೆ ಕೆಳಗೆ ಆಡಿತು.

"ಅಯ್ಯ, ಎಷ್ಟ ಛಂದ ಮಾಡ್ಯಾರ!" ಎಂದಳು ಶಾಂತಾ. ಅಷ್ಟಕ್ಕೆ ಬಿಟ್ಟಳೇ? ನನ್ನತ್ತ ತಿರುಗಿ, "ನೀವು ದಿನಾ ಪರೇಲಕ್ಕ ಹೋಗಿ ಬಂದ್ರಿ. ಒಂದ ಸ್ಕ್ರೂನರ ಮಾಡಿ ತೋರಿಸಿದ್ರೇನು?" ಎಂದಳು.

ಬಿಲ್ಡಿಂಗಿನವರೆಲ್ಲ ಮೊಬೈಲು ಹಿಡಿದು ಬಂದರು. ನನ್ನ ನೌಕರಿ ಏನೆಂದು ಒಂದು ದಿನವೂ ಕೇಳದಿದ್ದ ಎದುರು ಮನೆಯಾತ ದಸ್ತಗೀರನನ್ನು "ಇಂಜಿನಿಯರ್ ಸಾಬ್" ಎಂದು ಕರೆದ. ಆ ರಾತ್ರಿ ಅನ್ನ ಸಪ್ಪೆಯಾಗಿತ್ತು.

ಕೆಲವು ತಿಂಗಳ ಮೇಲೆ ಇಲ್ಲಿಯ ಕನ್ನಡ ಸಂಘದವರು ಸದಸ್ಯರ ಕರಕುಶಲ ವಸ್ತುಗಳ ಪ್ರದರ್ಶನ ಇಟ್ಟುಕೊಂಡರು. ನಡುಮೇಜಿನ ಗೌರವ ಆ ಇಂಜಿನ್ನಿಗೆ ಎಂದು ತಿಳಿದ ದಿನವೇ ನಾನು ನಿಶ್ಚಯಿಸಿದೆ: ಅದರಲ್ಲೊಂದು ತಪ್ಪು ಹುಡುಕಲೇಬೇಕು. ನೆನಪಿನ ಬಲದಿಂದ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಅದರ ಫೋಟೋ ತುಂಬಿಕೊಂಡು ಪರೇಲಿಗೇ ಹೋದೆ.

ನಿಜವಾದ ಇಂಜಿನ್ ಅಲ್ಲಿ ಒಂದು ಕಟ್ಟೆಯ ಮೇಲೆ, ಹೊಸ ಬಣ್ಣ ಬಳಿಸಿಕೊಂಡು ನಿಂತಿದೆ. ಕಾವಲುಗಾರ, "ಆಜೋಬಾ, ಕಾಯ್ ಶೋಧ್ತಾಯ್?" ಎಂದು ಕೇಳಿದ. ಅಜ್ಜ, ಏನು ಹುಡುಕುತ್ತಿದ್ದೀರಿ ಎಂಬ ಅವನ ಮರಾಠಿ ಪ್ರಶ್ನೆಗೆ ನಿಜ ಹೇಳಲು ನಾಚಿಕೆಯಾಯಿತು. "ಹಳೆಯ ಪರಿಚಯ" ಎಂದಷ್ಟೇ ಹೇಳಿ ಒಳಹೊಕ್ಕೆ. ಹೊಗೆ ಕೊಳವೆ ಸರಿ. ತೊಟ್ಟಿಯ ಮುಚ್ಚಳ ಸರಿ. ಗಾಲಿ ಸರಿ. ಡ್ರೈವರು ಹತ್ತುವ ಜಾಗಕ್ಕೆ ಬಂದೆ. ಅಲ್ಲಿ ಎರಡೇ ಮೆಟ್ಟಿಲು! ಫೋಟೋದಲ್ಲಿ ಮೂರು! ಎರಡೆರಡು ಸಲ ಎಣಿಸಿದೆ. ಆ ಖುಷಿಗೆ ಡಾಕ್ಟರ ಮಾತು ಮೀರಿ ಸ್ಟೇಷನ್ನಿನ ಹೊರಗೆ ಎರಡು ವಡಾಪಾವ್ ತಿಂದೆ. ಹಳೆಯ ಇಂಜಿನ್ನನ್ನು ಅಷ್ಟು ವರ್ಷದ ಮೇಲೆ ನೋಡಿದವನು ಅದರ ಮೈ ಒಮ್ಮೆ ಮುಟ್ಟಲೂ ಇಲ್ಲವೆಂಬುದು ಹೊಳೆದದ್ದು ಮನೆಗೆ ಬಂದಮೇಲೆ.

ಪ್ರದರ್ಶನದ ಭಾನುವಾರ ಮೇಜಿನ ಸುತ್ತ ಜನ. ಕಾಲೇಜಿನ ಹುಡುಗಿಯೊಬ್ಬಳು ತಡವರಿಸುತ್ತ, "ಅಂಕಲ್, ರಿಯಲ್ ಇಂಜಿನ್ ಸೇಮ್ ಹೀಗೇ ಇದೆಯಾ?" ಎಂದು ಕೇಳಿದಳು. ಕೇಳಿದ್ದು ದಸ್ತಗೀರನನ್ನು. ಉತ್ತರಿಸಿದವನು ನಾನು.

"ಎಲ್ಲಾ ಬರೋಬ್ಬರಿ ಐತಿ," ಎಂದೆ, ಇಡೀ ಸಭಾಂಗಣಕ್ಕೆ ಕೇಳುವಂತೆ. "ಮೆಟ್ಟಲಾ ಅಷ್ಟ ತಪ್ಪ್ಯಾವ. ಖರೇ ಇಂಜಿನ್ನಿಗೆ ಇರೋವು ಎರಡ. ಮೊನ್ನೆ ಎಣಿಸಿ ಬಂದೀನಿ."

ಎಲ್ಲರೂ ಬಾಗಿ ಮೆಟ್ಟಿಲು ಎಣಿಸಿದರು. ದಸ್ತಗೀರನ ಕಿವಿ ಕೆಂಪಾಯಿತು. ಆದರೂ ನನ್ನತ್ತ ತಲೆಯಾಡಿಸಿ, "ಹೌದ್ರಿ. ಪಾಟೀಲ್ರು ಹೇಳಿದ್ದು ಖರೆ. ನಂದ ತಪ್ಪು," ಎಂದ.

ಹಿಂದಿನಿಂದ ಶಾಂತಾಳ ದನಿ ಬಂತು: "ಅಲ್ರೀ, ಮೂರು ಮೆಟ್ಟಲಾ ಅಂತ ಅವರಿಗೆ ಹೇಳಿದವರು ನೀವ ಅಲ್ಲೇನು? ನಮ್ಮ ಮನ್ಯಾಗ ಚಾ ಕುಡಕೋತ ಕುಂತು ನೀವು ಹೇಳಿದ್ರಿ, ಅವರು ಬರಕೊಂಡ್ರು. ನಾನೂ ಅಲ್ಲೇ ಇದ್ದೆ."

ನೆನಪಾಯಿತು. ಎರಡು ವರ್ಷದ ಕೆಳಗೆ, ವಾರವಾರವೂ ಅವನು ಕೇಳುತ್ತಿದ್ದ, ನಾನು ಕೊಚ್ಚಿಕೊಳ್ಳುತ್ತಿದ್ದೆ. ಜನ ನಕ್ಕರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬಿಡಲಿಲ್ಲ, ಅದು ಗಟ್ಟಿ ಮೊಸಾಯಿಕ್ ನೆಲ.

ಮಧ್ಯಾಹ್ನ ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರೇ ಕೂತಾಗ ಕೇಳಿದೆ: "ನೀ ಖರೇ ಇಂಜಿನ್ ನೋಡಿರಲಿಲ್ಲೇನು?"

"ನೋಡದ ಹ್ಯಾಂಗ ಮಾಡ್ಲಿ? ಮೂರು ಸಲ ಹೋಗಿ ಬಂದೀನ್ರಿ."

"ಎರಡ ಅದಾವಂತ ಗೊತ್ತಿತ್ತು?"

"ಗೊತ್ತಿತ್ರಿ."

"ಮತ್ತ ಮೂರು ಯಾಕ ಹಚ್ಚಿದಿ?"

ಅವನು ಬಸಿಯಲ್ಲಿ ಚಹಾ ಸುರಿದುಕೊಂಡ. "ಅವತ್ತ ನೀವು ಎದ್ದು ನಿಂತು, ಒಂದ, ಎರಡ, ಮೂರ ಅಂತ ಕಾಲ ಎತ್ತೆತ್ತಿ ಹತ್ತಿ ತೋರಿಸಿದ್ರಿ. ಆವಾಗ ನಿಮ್ಮ ಮಾರಿ ನೋಡಬೇಕಿತ್ರಿ. ಅದನ್ನ ನೋಡಿದ ಮ್ಯಾಲ ಒಂದ ಮೆಟ್ಟಲ ಕಿತ್ತು ಹಾಕಾಕ ಮನಸ್ಸ ಆಗಲಿಲ್ಲ."

"ಅಲ್ಲಿ ಮಂದಿ ಮುಂದ ಹೇಳಬೇಕಿಲ್ಲೋ, ಇವರ ಹೇಳಿದ್ದು ಅಂತ?"

"ಹೇಳಿ ಏನ್ಮಾಡೋದೈತ್ರಿ? ಚಾ ಆರತದ, ಕುಡೀರಿ."

ಕುಡಿದೆ. ಅವನ ಕೈಚಳಕದ ಮೇಲಿನ ಹೊಟ್ಟೆಕಿಚ್ಚು ಆ ಬೆಂಚಿನ ಮೇಲೇ ಆರಿಹೋಯಿತೆಂದು ನಿಮ್ಮಾಣೆಗೂ ಹೇಳಬಲ್ಲೆ. ಆದರೆ ಅದಕ್ಕಿಂತ ದೊಡ್ಡದೊಂದು ಹತ್ತಿಕೊಂಡಿದೆ. ಹಿತ್ತಾಳೆ ಕೆತ್ತುವುದನ್ನು ಒಂದು ವೇಳೆ ನಾನೂ ಕಲಿತೇನು. ನಾಲಿಗೆಯ ತುದಿಗೆ ಬಂದ ಉತ್ತರವನ್ನು ಗೆಳೆಯನಿಗಾಗಿ ನುಂಗಿಕೊಳ್ಳುವ ವಿದ್ಯೆ ಅವನಿಗಿದೆಯಲ್ಲ, ಅದನ್ನು ಈ ವಯಸ್ಸಿನಲ್ಲಿ ಯಾರ ಬಳಿ ಕಲಿಯಲಿ?