ಉದ್ದಣ್ಣ ಲೋಡು ನೋಡಿದ್ದು

ಲಾರಿ ಓಡಿಸುವುದೊಂದನ್ನು ಬಿಟ್ಟರೆ ಉದ್ದಣ್ಣನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಆಳು ಉದ್ದವಿದ್ದುದಕ್ಕೆ ಜೊತೆಯ ಡ್ರೈವರುಗಳು ಇಟ್ಟ ಹೆಸರು ಅದು. ಅವನು ಜೈಲಿಗೆ ಹೋಗಿ ಬಂದ ಮೇಲೂ ಯಾರೂ ಅದನ್ನು ಬದಲಾಯಿಸಲಿಲ್ಲ. ಇನ್ನೊಬ್ಬರಿಗೆ ಅಡ್ಡಹೆಸರಿಡುವುದನ್ನೇ ಕಸುಬು ಮಾಡಿಕೊಂಡ ಆ ಜನರ ಮಟ್ಟಿಗೆ ಇದು ದೊಡ್ಡ ಮರ್ಯಾದೆಯೇ ಸರಿ.

ಜೈಲಿಗೆ ಹೋದದ್ದು ಕದ್ದ ತಾಮ್ರದ ತಂತಿ ಸಾಗಿಸಿದ್ದಕ್ಕೆ. ಮೇಲೆ ಹಿಂಡಿ ಮೂಟೆ, ಕೆಳಗೆ ತಂತಿ, ಎಲ್ಲದರ ಮೇಲೆ ಬಿಗಿಯಾಗಿ ಕಟ್ಟಿದ ಟಾರ್ಪಾಲು. ಲೋಡು ತುಂಬಿ ಹಗ್ಗ ಬಿಗಿಯುವುದು ಹಮಾಲರ ಕೆಲಸ, ಓಡಿಸುವುದು ಡ್ರೈವರನ ಕೆಲಸ. ಕಟ್ಟಿದ್ದನ್ನು ಬಿಚ್ಚಿ ನೋಡುವ ಡ್ರೈವರ್ ಆ ಲೈನಿನಲ್ಲೇ ಇರಲಿಲ್ಲ. ನೆಂಟರ ಮನೆಗೆ ಹೋದವನು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡಿದ ಹಾಗೆ ಅದು. ಆವತ್ತು ಮಾಲೀಕ ಯಾವತ್ತಿಗಿಂತ ಹೆಚ್ಚೇ ನಕ್ಕಿದ್ದ, ಟೀ ಗ್ಲಾಸನ್ನು ತಾನೇ ತಂದು ಕೈಗೆ ಕೊಟ್ಟಿದ್ದ. ಉದ್ದಣ್ಣನಿಗೆ ಎಲ್ಲೋ ಏನೋ ಕುಟುಕಿತು. ಟೀ ಕುಡಿದು ಗಾಡಿ ಹತ್ತಿದ. ಯಾಕೆ ನೋಡಲಿಲ್ಲ ಎಂದು ಜಡ್ಜ್ ಕೇಳಿದಾಗ, ನೋಡುವ ಪದ್ಧತಿ ಇಲ್ಲ ಸ್ವಾಮಿ ಎಂದ. ಕಾನೂನಿನ ಪದ್ಧತಿ ಬೇರೆ ಇದೆ ಎಂದು ಜಡ್ಜ್ ತಿಳಿಸಿದರು.

ಹೆಂಡತಿ ಜೈಲಿಗೆ ಬಂದದ್ದು ಒಂದೇ ಸಲ. ಜಾಲರಿಯ ಆಚೆ ನಿಂತು, "ನಿಮಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದಳು.

"ನಾನು ನೋಡ್ಲಿಲ್ಲ," ಎಂದ ಉದ್ದಣ್ಣ.

ತಾನು ಕೇಳಿದ್ದು ಅದಲ್ಲ ಎಂದು ಹೇಳಿ ಅವಳು ಹೊರಟುಹೋದಳು. ಅಲ್ಲಿಂದ ತವರಿನಲ್ಲೇ ಇದ್ದಳು.

ಬಿಡುಗಡೆಯಾಗಿ ಬಂದವನಿಗೆ ಹಳೆ ಟೈರು ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಗೋಡೆಯಿಂದ ಹಿಡಿದು ಅನ್ನದವರೆಗೆ ಎಲ್ಲಕ್ಕೂ ಸುಟ್ಟ ರಬ್ಬರಿನ ವಾಸನೆ. ಬಾಮೈದ ಒಂದು ಸ್ಟೌ ತಂದುಕೊಟ್ಟ. ಮಾರ್ಕೆಟ್ಟಿನಲ್ಲಿ ಲಾರಿ ಬುಕಿಂಗ್ ಗುಮಾಸ್ತನಾಗಿದ್ದ ಅವನು ಒಳ್ಳೆಯವನೇ, ಸ್ವಲ್ಪ ಲೆಕ್ಕಾಚಾರದ ಒಳ್ಳೆಯವನು.

"ಭಾವ, ತಪ್ಪು ತಿಳ್ಕೋಬೇಡಿ. ಕೆಲಸ ಅಂತ ಒಂದು ಆಗ್ಲಿ, ಅಕ್ಕನ್ನ ನಾನೇ ಕರ್ಕೊಂಡ್ ಬಂದು ಬಿಟ್ಟು ಹೋಗ್ತೀನಿ," ಎಂದ. ಉದ್ದಣ್ಣ ತಪ್ಪು ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೇ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಹೊರಟ. ಅವಳು ವಾಪಸು ಬರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದುದು.

ಟ್ರಾನ್ಸ್‌ಪೋರ್ಟ್ ಆಫೀಸುಗಳೆಲ್ಲ ಒಂದೇ ರಸ್ತೆಯಲ್ಲಿದ್ದವು. ಮೊದಲನೆಯವನು ಲೈಸೆನ್ಸ್ ನೋಡಿ ತಲೆದೂಗಿದ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಒಂದೇ ಬೆರಳಿನಲ್ಲಿ ಲೈಸೆನ್ಸನ್ನು ಮೇಜಿನ ಈಚೆಗೆ ತಳ್ಳಿದ. ಇನ್ನೊಬ್ಬನಿಗೆ ಮನಸ್ಸಿತ್ತಂತೆ, ಇನ್ಶೂರೆನ್ಸಿನವರು ಒಪ್ಪುವುದಿಲ್ಲವಂತೆ. ಅವನ ಪಕ್ಕದವನಿಗೆ ಇನ್ಶೂರೆನ್ಸಿನವರ ಅಡ್ಡಿಯಿರಲಿಲ್ಲ, ತಾಯಿ ಒಪ್ಪುವುದಿಲ್ಲವಂತೆ. ಸುಳ್ಳು ಹೇಳಬಹುದಿತ್ತಲ್ಲ ಎಂದರೆ, ಮತ್ತೊಂದು ಆಫೀಸಿನಲ್ಲಿ ಅದನ್ನೂ ಹೇಳಿ ನೋಡಿದ. ಹೊಲ ನೋಡಿಕೊಂಡಿದ್ದೆ ಎಂದ. ಏನು ಬೆಳೆದೆ ಎಂದು ಅಲ್ಲಿನ ಮಾಲೀಕ ಕೇಳಿದ. ಉದ್ದಣ್ಣ ಯೋಚನೆ ಮಾಡುತ್ತಾ ನಿಂತುಬಿಟ್ಟ. ಸುಳ್ಳಿಗೂ ಪೂರ್ವತಯಾರಿ ಬೇಕು.

ಕಡೆಗೆ ಬಾಮೈದನೇ ಒಬ್ಬ ದೊಡ್ಡ ಮಾಲೀಕನ ಹತ್ತಿರ ಮಾತಾಡಿದ. ಆ ಮಾಲೀಕ ಲೈಸೆನ್ಸ್ ಕೇಳಲೇ ಇಲ್ಲ. ಜೈಲಿನ ವಿಷಯ ಅವನಿಗೆ ಮೊದಲೇ ಗೊತ್ತಿತ್ತು, ಅದರಿಂದ ಬೇಸರವಾದಂತೆಯೂ ಕಾಣಲಿಲ್ಲ.

"ಪೊಲೀಸರ ಹತ್ರ ಎಷ್ಟು ಜನರ ಹೆಸರು ಹೇಳ್ದೆ?"

"ಯಾರದ್ದೂ ಇಲ್ಲ."

"ಕೂತ್ಕೋ," ಎಂದು ಕುರ್ಚಿ ತೋರಿಸಿದ.

ನಾಳೆಯಿಂದಲೇ ಬಾ ಎಂದಾಯಿತು. ಬಾಮೈದ ಮನೆಗೆ ಹೋಗಿ, ಬಟ್ಟೆಬರೆ ಜೋಡಿಸಿಕೋ ಅಕ್ಕ ಎಂದು ಹೇಳಿಯೂ ಬಿಟ್ಟ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಲಾರಿ ಲೋಡಾಗಿ ನಿಂತಿತ್ತು. ಟಾರ್ಪಾಲು ಮಟ್ಟಸವಾಗಿ ಬಿಗಿದಿತ್ತು, ಕೀ ಗಾಡಿಯಲ್ಲೇ ಇತ್ತು. ಭಾವನನ್ನು ಕಳಿಸಿಕೊಡಲು ಬಾಮೈದನೂ ಬಂದಿದ್ದ. ಮಾಲೀಕ ನಗುತ್ತಾ ಟೀ ತರಿಸಿದ. ಉದ್ದಣ್ಣ ಗ್ಲಾಸನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕುಡಿಯದೆ ಕಟ್ಟೆಯ ಮೇಲಿಟ್ಟ. ಲಾರಿಯ ಹಿಂದಕ್ಕೆ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದ.

ಏನು ಮಾಡುತ್ತಿದ್ದೀಯ ಎಂದು ಮಾಲೀಕ ಕೇಳಿದ. ಲೋಡು ನೋಡುತ್ತೇನೆ ಎಂದ ಉದ್ದಣ್ಣ. ಸೋಪು ಎಂದು ಬಿಲ್ಲಿನಲ್ಲಿ ಬರೆದಿದೆಯಲ್ಲ ಎಂದರೆ, "ಸೋಪೇ ಇರ್ಬೇಕು. ನೋಡ್ತೀನಿ," ಎಂದ. ಹಮಾಲರು ಕೆಲಸ ಬಿಟ್ಟು ನೋಡತೊಡಗಿದರು. ಬಾಮೈದನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭಾವ, ಭಾವ ಎಂದು ಶರ್ಟು ಹಿಡಿದು ಜಗ್ಗಿದ.

ಮಾಲೀಕ ದನಿ ಏರಿಸಲಿಲ್ಲ. "ಬಿಚ್ಚಿದ್ರೆ ಕೆಲಸ ಇಲ್ಲ," ಎಂದ.

ಹೆಂಡತಿ ಬಟ್ಟೆ ಜೋಡಿಸಿಟ್ಟಿದ್ದಾಳೆ ಎಂಬುದು ಉದ್ದಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗಂಟು ಬಿಚ್ಚಿದ. ಟಾರ್ಪಾಲಿನ ಅಂಚೆತ್ತಿ, ಒಂದು ಪೆಟ್ಟಿಗೆ ಎಳೆದು, ಅದರ ಹಿಂದಿನದನ್ನೂ ಎಳೆದು, ತನ್ನ ಉದ್ದನೆಯ ಕೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನೋಡಿದ.

ಸೋಪು. ಎಲ್ಲವೂ ಮೈ ತೊಳೆಯುವ ಸೋಪು. ಮೊದಲ ಲೋಡೆಂದು ಹಾಗೆ ತುಂಬಿಸಿದ್ದನೋ, ಆ ಮನುಷ್ಯನ ವ್ಯಾಪಾರವೇ ಸೋಪಿನದೋ, ದೇವರಿಗೇ ಗೊತ್ತು. ಉದ್ದಣ್ಣ ಪೆಟ್ಟಿಗೆಗಳನ್ನು ಒಳಗೆ ತಳ್ಳಿ, ಹಗ್ಗವನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಸೋಪೇ ಇದೆ ಎಂದು ಮಾಲೀಕನಿಗೆ ವರದಿ ಒಪ್ಪಿಸಿದ. ಮಾಲೀಕ ಗೇಟಿನ ಕಡೆ ಕೈ ತೋರಿಸಿದ.

ದಾರಿಯುದ್ದಕ್ಕೂ ಬಾಮೈದ ಬೈದ. ಕಳ್ಳಮಾಲು ಸಿಕ್ಕಿದ್ದರೆ ಒಂದು ಮಾತು, ಸೋಪಿಗೋಸ್ಕರ ಅಕ್ಕನ ಬಾಳು ಹಾಳು ಮಾಡಿದಿರಲ್ಲ ಎಂದ. ಉದ್ದಣ್ಣನಿಗೂ ಅದು ಸರಿಯೆನ್ನಿಸಿತು. ಕೋಣೆಗೆ ಬಂದು ಗೋಡೆಗೊರಗಿ ಕೂತ. ತನ್ನಂಥ ದಡ್ಡ ಇನ್ನೊಬ್ಬನಿಲ್ಲ ಎಂದುಕೊಂಡ. ಬಾಮೈದ ಮನೆಗೆ ಹೋಗಿ, ಆದದ್ದನ್ನೆಲ್ಲ ಅಕ್ಕನೆದುರು ಉಪ್ಪುಖಾರ ಹಚ್ಚಿ ಹೇಳಿದ.

ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ ನಿಂತಿದ್ದಳು, ಕೈಯಲ್ಲಿ ಬ್ಯಾಗು. ತಮ್ಮ ಜೊತೆಗೆ ಬಂದಿರಲಿಲ್ಲ. ಪಾಪ, ಅವಳಿಗೆ ವಿಷಯ ತಿಳಿದಿಲ್ಲ ಎಂದುಕೊಂಡ ಉದ್ದಣ್ಣ ಎದ್ದು ನಿಂತ.

"ಕೆಲಸ ಸಿಗ್ಲಿಲ್ಲ," ಎಂದ.

"ಗೊತ್ತು. ತಮ್ಮ ಎಲ್ಲ ಹೇಳ್ದ."

"ಸೋಪೇ ಇತ್ತು ಕಣೇ."

"ಏನಾದ್ರೂ ಇರ್ಲಿ," ಎಂದಳು. "ನೋಡಿದ್ರಲ್ಲ."

ಕೋರ್ಟಿನಲ್ಲಿ ಅಳದ, ಜೈಲಿನಲ್ಲಿ ಅಳದ ಉದ್ದಣ್ಣ ಹೊಸ್ತಿಲ ಮೇಲೆ ಕೂತು ಅತ್ತ. ಅವಳು ಅವನ ಪಾಡಿಗೆ ಅವನನ್ನು ಅಳಲು ಬಿಟ್ಟು ಒಳಗೆ ಹೋದಳು. ಬ್ಯಾಗು ಮೂಲೆಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಳೆ ಯಾವ ಕಡೆ ಕೆಲಸ ಕೇಳಲು ಹೋಗುತ್ತೀರಿ, ಬುತ್ತಿ ಎಷ್ಟು ಹೊತ್ತಿಗೆ ಬೇಕು ಎಂದು ವಿಚಾರಿಸಿದಳು.